ಮರಳು ಹಿಂಡಿ ತೆಗೆದ ಎಣ್ಣೆ

ಆಗದ ಕೆಲಸಕ್ಕೆ ಕೈಹಾಕುವವನನ್ನು ಕಂಡು ‘ಮರಳು ಹಿಂಡಿ ಎಣ್ಣೆ ತೆಗೆಯಲು ಹೊರಟಿದ್ದಾನೆ’ ಎಂದು ಹಾಸ್ಯ ಮಾಡುವುದುಂಟು. ಎಳ್ಳು, ಕಡಲೆಕಾಯಿ, ಹುಚ್ಚೆಳ್ಳುಗಳನ್ನು ಗಾಣಕ್ಕೆ ಹಾಕಿದರೆ ಎಣ್ಣೆ ಬರುತ್ತದೆ. ಮರಳನ್ನು ಎಷ್ಟು ಅರೆದರೂ ಬರುವುದು ಪುಡಿಯೇ ಹೊರತು ಎಣ್ಣೆಯಲ್ಲ. ಆದರೆ ಇಪ್ಪತ್ತನೆಯ ಶತಮಾನದ ರಸಾಯನ ವಿಜ್ಞಾನವು ಈ ಮಾತನ್ನು ಒಂದು ರೀತಿಯಲ್ಲಿ ಸುಳ್ಳುಮಾಡಿತು. ಮರಳಿನಿಂದ ಆರಂಭಿಸಿ ಎಣ್ಣೆಯನ್ನೂ ರಬ್ಬರನ್ನೂ ಅರಗಿನಂತಹ ರಾಳವನ್ನೂ ಪಡೆಯುವ ವಿಧಾನವನ್ನು ಅದು ಕಂಡುಕೊಂಡಿತು. ಹೀಗೆ ದೊರೆತ ವಸ್ತುಗಳಿಗೆ ಸಿಲಿಕೋನ್‌ಗಳೆಂದು ಹೆಸರು.

ಸಿಲಿಕಾನ್ ಮತ್ತು ಸಿಲಿಕೋನ್ ಎಂಬ ಎರಡು ಹೆಸರುಗಳು ಕೇಳಲು ಒಂದೇ ಬಗೆಯಾಗಿದ್ದರೂ ಅವು ಸೂಚಿಸುವ ವಸ್ತುಗಳು ಬೇರೆಬೇರೆ. ಸಿಲಿಕಾನ್ ಒಂದು ಮೂಲವಸ್ತು. ಭೂಮಿಯ ಹೊರಪದರದಲ್ಲಿ ಆಮ್ಲಜನಕವನ್ನು ಬಿಟ್ಟರೆ ಅತ್ಯಂತ ಹೇರಳವಾಗಿರುವುದು ಇದೇ. ಆ ಪದರದ ತೂಕದ ಕಾಲು ಭಾಗಕ್ಕಿಂತಲೂ ಇದು ಹೆಚ್ಚು. ಮರಳು, ಬೆಣಚುಕಲ್ಲುಗಳಲ್ಲಿ ಅದು ಆಮ್ಲಜನಕದೊಡನೆ ಕೂಡಿ ಸಿಲಿಕ ಎಂಬ ಸಂಯುಕ್ತದ ರೂಪದಲ್ಲಿರುತ್ತದೆ. ಗಣಕಯಂತ್ರದ ಸೂಕ್ಷ್ಮ ಭಾಗಗಳನ್ನು ತಯಾರಿಸುವುದು ಶುದ್ಧ ಸಿಲಿಕಾನ್‌ನಿಂದ. ಸಿಲಿಕೋನ್ ಎಂಬುದಾದರೋ ಸಿಲಿಕಾನ್, ಆಮ್ಲಜನಕ, ಇಂಗಾಲ, ಜಲಜನಕ ಇವುಗಳಿಂದ ಮನುಷ್ಯನು ರಚಿಸಿದ ಪಾಲಿಮರ್, ಅಂದರೆ ಚಿಕ್ಕ ಅಣುಗಳು ಸಾಲಾಗಿ ಜೋಡಣೆಗೊಂಡು ಆದ ದೀರ್ಘವಾದ ಅಣುಸರಪಳಿ.

ಈ ವಸ್ತುಗಳ ಚರಿತ್ರೆ ಪ್ರಾರಂಭವಾಗುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ. ಅಲ್ಲಿನ ಕಾಲೇಜಿನಲ್ಲಿ ರಸಾಯನ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಫ್ರೆಡರಿಕ್ ಸ್ಟ್ಯಾನ್ಲಿ ಕಿಪಿಂಗ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಲಿಕಾನ್ ಮತ್ತು ಇಂಗಾಲಗಳೆರಡನ್ನೂ ಒಳಗೊಂಡ ಸಂಯುಕ್ತಗಳ ಅಧ್ಯಯನವನ್ನು ಕೈಗೊಂಡರು. ಅವರು ಬಯಸಿದ್ದು ಶುದ್ಧವಾದ, ಹರಳುಗಟ್ಟುವ ಪದಾರ್ಥಗಳನ್ನು. ಆದರೆ ಪ್ರಯೋಗಪಾತ್ರೆಯಲ್ಲಿ ಮತ್ತೆ ಮತ್ತೆ ಉಳಿಯುತ್ತಿದ್ದುದು ಅಂಟಿನಂತಹ ಜಿಗುಟು ಮುದ್ದೆ. ಅದು ಹರಳಾಗುತ್ತಿರಲಿಲ್ಲ, ಅದನ್ನು ಶುದ್ಧಗೊಳಿಸುವುದೂ ಸಾಧ್ಯವಾಗುತ್ತಿರಲಿಲ್ಲ. ಕೀಟೋನ್ ಎಂಬ ಇಂಗಾಲದ ಸಂಯುಕ್ತಗಳನ್ನು ಇವು ಹೋಲುತ್ತವೆಂದು ಭಾವಿಸಿ ಕಿಪಿಂಗ್ ಅವರು ಸಿಲಿಕೋನ್ ಎಂಬ ಹೆಸರನ್ನು ಬಳಕೆಗೆ ತಂದರು. ರಚನೆಯಲ್ಲಿ ಅಂತಹ ಹೋಲಿಕೆ ಇಲ್ಲವೆಂದು ಅನಂತರ ತಿಳಿದುಬಂದರೂ ಹೆಸರು ಮಾತ್ರ ಉಳಿದುಕೊಂಡಿತು. ನಾಲ್ಕು ದಶಕಗಳ ಕಾಲ ದುಡಿದು ಐವತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ಬರೆದ ಅವರಿಗೆ ಈ ಸಂಯುಕ್ತಗಳಿಂದ ಮಹತ್ತ್ವದ ಪ್ರಯೋಜನ ಬೇಗನೆ ಒದಗೀತೆಂಬ ಭರವಸೆಯಿರಲಿಲ್ಲ. 1937ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸವೊಂದರಲ್ಲಿ ಅವರು ಈ ನಿರಾಶೆಯನ್ನು ಮರೆಮಾಚದೆ ಹೇಳಿದ್ದಾರೆ.

ಅದೇ ವೇಳೆಗೆ ಅಮೆರಿಕದ ಉದ್ಯಮಗಳು ಬೇರೊಂದು ತೊಡಕನ್ನು ಎದುರಿಸುತ್ತಿದ್ದವು. ವಿದ್ಯುತ್ ಮೋಟಾರುಗಳು ಓಡುವಾಗ ಕಾಯುತ್ತವೆ. ತಂತಿಗಳಿಗೆ ಸುತ್ತಿದ ಬಟ್ಟೆ ಮತ್ತು ಬಳಿದ ವಾರ್ನಿಷು ಆ ಕಾವಿಗೆ ಕರಿದಾಗುತ್ತಿದ್ದವು. ಗಾಜಿನ ಎಳೆಗಳಿಂದ ನೇಯ್ದ ಪಟ್ಟಿ ಕಾವನ್ನು ತಾಳಬಲ್ಲದು. ಆದರೆ ಎಳೆಗಳನ್ನು ಹಿಡಿದಿಡುವ ಅಂಟು ತಾಳದು. ಕಾರ್ನಿಂಗ್ ಗಾಜಿನ ಕಾರ್ಖಾನೆಯ ರಸಾಯನ ವಿಜ್ಞಾನಿ ಜೇಮ್ಸ್ ಫ್ರ್ಯಾಂಕ್ಲಿನ್ ಹೈಡ್ ಅವರು ಗಾಜಿನ ಗುಣವೂ ಪ್ಲಾಸ್ಟಿಕಿನ ಗುಣವೂ ಬೆರೆತ ವಸ್ತುವೊಂದನ್ನು ಹುಡುಕುತ್ತಾ ಕಿಪಿಂಗ್ ಅವರ ಮಾರ್ಗದಲ್ಲಿಯೇ ನಡೆದು ಸಿಲಿಕೋನ್ ರಾಳವನ್ನು ಸಿದ್ಧಪಡಿಸಿದರು. ಅಲ್ಲಿ ಬೇಡವಾಗಿದ್ದ ಅಂಟೇ ಇಲ್ಲಿ ಬೇಕಾದ ಅಂಟಾಯಿತು.

ಆದರೆ ಹಳೆಯ ವಿಧಾನ ದುಬಾರಿಯಾಗಿತ್ತು. ಅದಕ್ಕೆ ಮೆಗ್ನೀಸಿಯಮ್ ಲೋಹವೂ ಸುಲಭವಾಗಿ ಹೊತ್ತಿಕೊಳ್ಳುವ ಈಥರ್ ದ್ರವವೂ ಬೇಕಾಗುತ್ತಿದ್ದವು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಯೂಜೀನ್ ರೋಕೊ ಅವರು 1940ರ ಮೇ ತಿಂಗಳಲ್ಲಿ ಈ ತೊಡಕನ್ನು ಬಿಡಿಸಿದರು. ಸಿಲಿಕಾನ್ ಪುಡಿಗೆ ತಾಮ್ರವನ್ನು ಕ್ರಿಯಾವರ್ಧಕವಾಗಿ ಸೇರಿಸಿ, ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅದರ ಮೇಲೆ ಮೀಥೈಲ್ ಕ್ಲೋರೈಡ್ ಅನಿಲವನ್ನು ಹಾಯಿಸಿದರೆ ಸಿಲಿಕೋನಿನ ಮೂಲದ್ರವ್ಯ ನೇರವಾಗಿ ದೊರೆಯುತ್ತದೆಂದು ಅವರು ತೋರಿಸಿದರು. ಜರ್ಮನಿಯಲ್ಲಿ ರಿಚರ್ಡ್ ಮುಲ್ಲರ್ ಅವರೂ ಸ್ವತಂತ್ರವಾಗಿ ಇದೇ ವಿಧಾನವನ್ನು ಕಂಡುಕೊಂಡರು. ಇಂದಿಗೂ ಕಾರ್ಖಾನೆಗಳು ಅನುಸರಿಸುವುದು ಈ ಕ್ರಮವನ್ನೇ.

ಹೀಗೆ ದೊರೆತ ಮೂಲದ್ರವ್ಯದ ಪ್ರತಿಯೊಂದು ಅಣುವಿನಲ್ಲಿಯೂ ಸಿಲಿಕಾನ್ ಪರಮಾಣುವಿಗೆ ಎರಡು ಮೀಥೈಲ್ ಗುಂಪುಗಳೂ ಎರಡು ಕ್ಲೋರಿನ್ ಪರಮಾಣುಗಳೂ ಅಂಟಿಕೊಂಡಿರುತ್ತವೆ. ನೀರು ಸೋಕಿದೊಡನೆ ಕ್ಲೋರಿನ್ ಕಳಚಿಹೋಗುತ್ತದೆ. ಆ ಸ್ಥಾನದಲ್ಲಿ ಆಮ್ಲಜನಕವು ಒಂದು ಸಿಲಿಕಾನನ್ನು ಇನ್ನೊಂದಕ್ಕೆ ಬೆಸೆಯುತ್ತದೆ. ಶಾಲೆಯ ಅಂಗಳದಲ್ಲಿ ಮಕ್ಕಳು ಎರಡು ಕೈಗಳನ್ನೂ ಚಾಚಿ ಒಬ್ಬರನ್ನೊಬ್ಬರು ಹಿಡಿದುಕೊಂಡರೆ ಉದ್ದನೆಯ ಸಾಲು ಆಗುವಂತೆ ಇಲ್ಲಿಯೂ ಸರಪಳಿ ಬೆಳೆಯುತ್ತದೆ. ಒಂದೇ ಕ್ಲೋರಿನ್ ಇರುವ ಅಣು ಬಂದು ಸೇರಿದರೆ ಸಾಲು ಅಲ್ಲಿಗೆ ಮುಗಿಯುತ್ತದೆ. ಮೂರು ಇರುವ ಅಣು ಸೇರಿದರೆ ಕವಲೊಡೆದು ಬಲೆಯಾಗುತ್ತದೆ. ಬಿಡಿಬಿಡಿಯಾದ ಸರಪಳಿಗಳಿದ್ದರೆ ಎಣ್ಣೆ, ಬಹಳ ಉದ್ದನೆಯ ಸರಪಳಿಗಳನ್ನು ಅಲ್ಲಲ್ಲಿ ಹೆಣೆದರೆ ರಬ್ಬರು, ಒತ್ತಾಗಿ ಹೆಣೆದರೆ ಗಡುಸಾದ ರಾಳ.

ಸಿಲಿಕೋನಿನ ಗುಣಗಳೆಲ್ಲವೂ ಈ ರಚನೆಯಿಂದಲೇ ಬಂದವು. ಸರಪಳಿಯ ಬೆನ್ನೆಲುಬಿನಲ್ಲಿರುವುದು ಮರಳಿನಲ್ಲಿರುವಂತಹ ಸಿಲಿಕಾನ್ ಮತ್ತು ಆಮ್ಲಜನಕಗಳ ಬಂಧ. ಅದು ಇಂಗಾಲದ ಪರಮಾಣುಗಳ ನಡುವಣ ಬಂಧಕ್ಕಿಂತ ಬಲವಾದುದು. ಆದುದರಿಂದ ಸಾಮಾನ್ಯ ರಬ್ಬರನ್ನು ಹಾಳುಮಾಡುವ ಕಾವನ್ನೂ ಬಿಸಿಲನ್ನೂ ಸಿಲಿಕೋನ್ ರಬ್ಬರು ತಾಳಿಕೊಳ್ಳುತ್ತದೆ. ಈ ಬಂಧಗಳು ಸುಲಭವಾಗಿ ಬಾಗಿ ತಿರುಗುವುದರಿಂದ ಅದು ಕಡುಚಳಿಯಲ್ಲಿಯೂ ಪೆಡಸಾಗುವುದಿಲ್ಲ. ಚಳಿಗಾಲದ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಸಿಲಿಕೋನ್ ಎಣ್ಣೆಯಾದರೋ ಶೂನ್ಯಕ್ಕಿಂತ 40 ಡಿಗ್ರಿ ಕೆಳಗೂ ಹರಿಯಬಲ್ಲದು. ಸರಪಳಿಯ ಹೊರಮೈಯಲ್ಲಿ ಎಣ್ಣೆಯ ಜಾತಿಗೆ ಸೇರಿದ ಮೀಥೈಲ್ ಗುಂಪುಗಳು ತುಂಬಿರುವುದರಿಂದ ನೀರು ಅದಕ್ಕೆ ಅಂಟದೆ, ಕೆಸುವಿನ ಎಲೆಯ ಮೇಲಿನ ಹನಿಯಂತೆ ಜಾರಿಹೋಗುತ್ತದೆ. ಒಳಗೆ ಕಲ್ಲಿನ ಸ್ಥೈರ್ಯ, ಹೊರಗೆ ಎಣ್ಣೆಯ ನುಣುಪು: ಇದು ಸಿಲಿಕೋನಿನ ವೈಶಿಷ್ಟ್ಯ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಗುಣಗಳು ಮೊದಲು ಪರೀಕ್ಷೆಗೊಳಗಾದವು. ವಿಮಾನಗಳು ಬಹಳ ಎತ್ತರದಲ್ಲಿ ಹಾರುವಾಗ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಭಾಗದೊಳಗೆ ತೇವ ಸೇರಿ ವಿದ್ಯುತ್ತು ಸೋರಿಹೋಗುತ್ತಿತ್ತು. ಸಿಲಿಕೋನ್ ಗ್ರೀಸನ್ನು ಸವರಿ ಅದನ್ನು ತಡೆಯಲಾಯಿತು. 1969ರಲ್ಲಿ ಚಂದ್ರನ ಮೇಲೆ ಇಳಿದ ಗಗನಯಾತ್ರಿಗಳ ಮೇಲುಬೂಟುಗಳ ಅಟ್ಟೆ ಸಿಲಿಕೋನ್ ರಬ್ಬರಿನದು. ಅಲ್ಲಿ ಅಚ್ಚೊತ್ತಿ ಉಳಿದುದು ಆ ರಬ್ಬರಿನ ಗುರುತು.

ವಿದ್ಯುತ್ತಿನ ಸಾಗಣೆಯಲ್ಲಿಯೂ ಸಿಲಿಕೋನಿನ ಪಾತ್ರ ದೊಡ್ಡದು. ಕಂಬಗಳಿಂದ ತಂತಿಗಳನ್ನು ಬೇರ್ಪಡಿಸುವ ಪಿಂಗಾಣಿಯ ಅವಾಹಕಗಳ ಮೇಲೆ ಧೂಳು ಕುಳಿತು, ಕಡಲತೀರದಲ್ಲಿ ಉಪ್ಪು ಹತ್ತಿ, ಮಂಜು ಬಿದ್ದಾಗ ವಿದ್ಯುತ್ತು ಮೇಲ್ಮೈಯುದ್ದಕ್ಕೂ ಹರಿಯುವ ಅಪಾಯವುಂಟು. ಸಿಲಿಕೋನ್ ರಬ್ಬರಿನ ಅವಾಹಕದಲ್ಲಿ ಚಿಕ್ಕ ಸರಪಳಿಗಳು ನಿಧಾನವಾಗಿ ಹೊರಬಂದು ಮೇಲೆ ಕುಳಿತ ಧೂಳನ್ನೂ ನೀರು ಅಂಟದಂತೆ ಮಾಡುತ್ತವೆ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಇಂತಹ ಅವಾಹಕಗಳ ಪರೀಕ್ಷೆ ನಡೆಯುತ್ತದೆ.

ಮನುಷ್ಯದೇಹವು ಹೊರಗಿನ ವಸ್ತುಗಳನ್ನು ಸುಲಭವಾಗಿ ಸಹಿಸುವುದಿಲ್ಲ. ಸಿಲಿಕೋನ್ ಬಹುಮಟ್ಟಿಗೆ ಇದಕ್ಕೆ ಅಪವಾದ. ಕೆಲವು ಶಿಶುಗಳ ಮಿದುಳಿನಲ್ಲಿ ದ್ರವವು ಶೇಖರವಾಗಿ ತಲೆ ಅತಿಯಾಗಿ ಬೆಳೆಯುವ ರೋಗವುಂಟು. ಅಮೆರಿಕದ ಜಾನ್ ಹೋಲ್ಟರ್ ಎಂಬ ಯಂತ್ರಕುಶಲಿಯ ಮಗುವಿಗೆ ಈ ರೋಗವಿತ್ತು. ವೈದ್ಯನಲ್ಲದ ಆ ತಂದೆ, ದ್ರವವನ್ನು ಒಂದೇ ದಿಕ್ಕಿನಲ್ಲಿ ಹರಿಯಬಿಡುವ ಪುಟ್ಟ ಸಿಲಿಕೋನ್ ಕವಾಟವನ್ನು ರೂಪಿಸಿದರು. 1956ರಲ್ಲಿ ಅದು ಶಸ್ತ್ರಚಿಕಿತ್ಸೆಯಲ್ಲಿ ಬಳಕೆಗೆ ಬಂದು, ಮುಂದೆ ಎಷ್ಟೋ ಮಕ್ಕಳ ಪ್ರಾಣವನ್ನು ಉಳಿಸಿತು.

ದಿನಬಳಕೆಯ ವಸ್ತುಗಳಲ್ಲಿ ಸಿಲಿಕೋನ್ ಕಣ್ಣಿಗೆ ಬೀಳದೆ ಕೆಲಸ ಮಾಡುತ್ತದೆ. ಹಾಲುಣಿಸುವ ಬಾಟಲಿಯ ನಿಪ್ಪಲ್, ಕೆಲವು ಕುಕ್ಕರುಗಳ ಗ್ಯಾಸ್ಕೆಟ್, ಕಾವಿಗೆ ಕರಗದ ಸಟ್ಟುಗ ಇವೆಲ್ಲ ಸಿಲಿಕೋನ್ ರಬ್ಬರಿನಿಂದಾಗುತ್ತವೆ. ಅಂಟುಚೀಟಿಯ ಹಿಂದಿನ ಕಾಗದಕ್ಕೆ ಸಿಲಿಕೋನ್ ಲೇಪವಿರುವುದರಿಂದಲೇ ಚೀಟಿ ಹರಿಯದೆ ಬಿಟ್ಟುಬರುತ್ತದೆ. ಕಾರ್ಖಾನೆಯ ಕೊಪ್ಪರಿಗೆಗಳಲ್ಲಿ ನೊರೆ ಉಕ್ಕದಂತೆ ತಡೆಯಲು ಕೆಲವೇ ಹನಿ ಸಿಲಿಕೋನ್ ಎಣ್ಣೆ ಸಾಕು. ಹೊಟ್ಟೆಯುಬ್ಬರದ ಔಷಧಿಗಳಲ್ಲಿಯೂ ಇದೇ ತತ್ತ್ವ ಅಡಗಿದೆ.

ಹಾಗೆಂದು ಸಿಲಿಕೋನ್ ದೋಷರಹಿತವಾದುದಲ್ಲ. ಅದರ ರಬ್ಬರು ಸ್ವಾಭಾವಿಕ ರಬ್ಬರಿಗಿಂತ ಬೇಗ ಹರಿಯುತ್ತದೆ, ಪೆಟ್ರೋಲಿನಲ್ಲಿ ಉಬ್ಬುತ್ತದೆ. ಮರಳಿನಿಂದ ಸಿಲಿಕಾನನ್ನು ಬೇರ್ಪಡಿಸುವ ಕುಲುಮೆಗಳು ಅಪಾರ ವಿದ್ಯುತ್ತನ್ನು ನುಂಗುತ್ತವೆ. ಒಮ್ಮೆ ಹೆಣೆದುಕೊಂಡ ರಬ್ಬರನ್ನು ಕರಗಿಸಿ ಮತ್ತೆ ಎರಕ ಹೊಯ್ಯುವಂತಿಲ್ಲ. ಉಂಗುರದ ಆಕಾರದ ಕೆಲವು ಚಿಕ್ಕ ಸಿಲಿಕೋನ್ ಅಣುಗಳು ನೀರನ್ನು ಸೇರಿ ದೀರ್ಘಕಾಲ ಉಳಿಯುವುದರಿಂದ, ತೊಳೆದುಹೋಗುವ ಸೌಂದರ್ಯಸಾಧನಗಳಲ್ಲಿ ಅವುಗಳ ಬಳಕೆಯನ್ನು ಯೂರೋಪಿನ ಒಕ್ಕೂಟವು 2020ರಿಂದ ನಿರ್ಬಂಧಿಸಿದೆ. ಬಾಳಿಕೆ ಎಂಬ ಗುಣವೇ ಬಳಕೆ ಮುಗಿದ ಮೇಲೆ ಹೊರೆಯಾಗಬಲ್ಲದು.

ಕಿಪಿಂಗ್ ಅವರು 1949ರಲ್ಲಿ ತೀರಿಕೊಂಡರು. ಆ ವೇಳೆಗೆ ಅವರ ಜಿಗುಟು ಮುದ್ದೆ ದೊಡ್ಡ ಉದ್ಯಮವೊಂದಕ್ಕೆ ಆಧಾರವಾಗಿತ್ತು. ಅದರ ಉಪಯೋಗವನ್ನು ಅವರು ಊಹಿಸಿರಲಿಲ್ಲ; ಆದರೆ ತಾವು ಕಂಡುದನ್ನು, ಬೇಡವಾದುದನ್ನೂ ಬಿಡದೆ, ನಿಷ್ಠೆಯಿಂದ ಬರೆದಿಟ್ಟಿದ್ದರು. ಹೈಡ್ ಮತ್ತು ರೋಕೊ ಅವರಿಗೆ ದಾರಿ ತೋರಿದುದು ಆ ಬರಹಗಳೇ.