ಬಂದರ್ 44, ಪೋರ್ಟ್ 45: ನಿಮ್ಮ ವಾರ್ಡ್ ಯಾವುದು?

ಕಳೆದ ತಿಂಗಳು ಮದ್ರಸದ ಐದನೇ ತರಗತಿಯಲ್ಲಿ ಪಾಠ ನಡೆಯುತ್ತಿತ್ತು. ದಾರಿಯಲ್ಲಿ ಜನರಿಗೆ ತೊಂದರೆ ಕೊಡುವ ವಸ್ತುವನ್ನು ಸರಿಸುವುದೂ ಈಮಾನಿನ ಒಂದು ಭಾಗ ಎಂಬ ಹದೀಸ್. ವಿವರಿಸಿ ಮುಗಿಸಿರಲಿಲ್ಲ, ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಉಸ್ತಾದೇ, ಓಣಿಯ ತುದಿಯಲ್ಲಿ ಚರಂಡಿಯ ಸ್ಲ್ಯಾಬ್ ಮುರಿದು ಬಿದ್ದಿದೆಯಲ್ಲ, ಅದನ್ನು ಯಾರು ಸರಿ ಮಾಡ್ಬೇಕು?”

ನಾನು ದಿನಾ ಅದನ್ನು ದಾಟಿಯೇ ಮದ್ರಸಕ್ಕೆ ಬರುವವನು. ಸುಬಹಿಗೆ ಬರುತ್ತಿದ್ದ ಹಿರಿಯರೊಬ್ಬರ ಕಾಲು ಅದರಲ್ಲಿ ಸಿಕ್ಕಿ ಉಳುಕಿ, ಪಾಪ, ಎರಡು ವಾರ ಅವರು ಮನೆಯಲ್ಲೇ ಕುರ್ಚಿಯ ಮೇಲೆ ನಮಾಝ್ ಮಾಡಿದ್ದೂ ಗೊತ್ತುಂಟು. ಆದರೆ ಯಾರಿಗೆ ಹೇಳಬೇಕು ಎಂದು ಯೋಚಿಸಿದವನಲ್ಲ. ಮಕ್ಕಳ ಹತ್ತಿರವೇ ತಿರುಗಿ ಕೇಳಿದೆ: “ನಿಮ್ಮ ಮನೆ ಯಾವ ವಾರ್ಡ್?” ಒಬ್ಬ ಬಂದರ್ ಅಂದ. ಅವನ ಪಕ್ಕದ ಮನೆಯವನೇ ಪೋರ್ಟ್ ಅಂದ. ಇನ್ನೊಬ್ಬಳು ಸ್ವಲ್ಪ ಯೋಚಿಸಿ “ಪಳ್ಳಿ ವಾರ್ಡ್” ಅಂದಳು. ಎಲ್ಲರೂ ನಕ್ಕರು. ನಕ್ಕವರಿಗೂ ಉತ್ತರ ಗೊತ್ತಿರಲಿಲ್ಲ, ನನಗೂ ಖಚಿತ ಇರಲಿಲ್ಲ.

ಮಂಗಳೂರು ಮಹಾನಗರ ಪಾಲಿಕೆಯಲ್ಲಿ 60 ವಾರ್ಡ್‌ಗಳು. ಕುದ್ರೋಳಿ 43, ಬಂದರ್ 44, ಪೋರ್ಟ್ 45. ಬಂದರ್ ಅಂದರೂ ಪೋರ್ಟ್ ಅಂದರೂ ಅರ್ಥ ಒಂದೇ, ಆದರೆ ಪಾಲಿಕೆಯ ಲೆಕ್ಕದಲ್ಲಿ ಎರಡು. ಹೆಸರಿಟ್ಟವರು ಯಾರೋ, ಒಳ್ಳೆ ತಮಾಷೆಯ ಮನುಷ್ಯ ಇರಬೇಕು. ನದಿಯ ಆಚೆ, ದೋಣಿ ಹತ್ತಿ ದಾಟುವ ಬೆಂಗ್ರೆ ಕೊನೆಯದು, 60ನೆಯದು.

ನಮ್ಮವರಿಗೆ ಬಂದರ್ ಅಂದರೆ ನಂಬರ್ ಅಲ್ಲ. ಮಾಲಿಕ್ ದೀನಾರ್ ತಂಡದ ಕಾಲದ್ದು, ಹಿಜರಿ 22ರದ್ದು ಎಂದು ನಂಬಿಕೊಂಡು ಬಂದಿರುವ ಬೆಳಿಯೆ ಪಳ್ಳಿ ಇರುವುದು ಇಲ್ಲಿ. ಟಿಪ್ಪು ಸುಲ್ತಾನರ ಕಾಲದಲ್ಲಿ ನವೀಕರಣಗೊಂಡು ಝೀನತ್ ಬಕ್ಷ್ ಎಂಬ ಹೆಸರು ಪಡೆದ ಈ ಮಸೀದಿಯ ಮರದ ಕೆತ್ತನೆ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಕಚ್ಚಿ ಮೇಮನರ ಮಸೀದಿ, ಕಂದಕ್‌ನ ಬದ್ರಿಯಾ ವಿದ್ಯಾಸಂಸ್ಥೆ, ಅಕ್ಕಿ-ಈರುಳ್ಳಿ-ಒಣಮೀನಿನ ಸಗಟು ಅಂಗಡಿಗಳು, ಮುಂಜಾನೆಯೇ ಗಲಾಟೆ ಶುರುವಾಗುವ ಧಕ್ಕೆ, ಲಕ್ಷದ್ವೀಪಕ್ಕೆ ಸಾಮಾನು ಹೇರುವ ಹಳೆ ಬಂದರು, ಎಲ್ಲರೂ ‘ಬಂದರ್ ಸ್ಟೇಷನ್’ ಎಂದೇ ಕರೆಯುವ ಉತ್ತರ ಪೊಲೀಸ್ ಠಾಣೆ. ಒಂದು ಅಂಗಡಿಯಲ್ಲಿ ಬ್ಯಾರಿ, ಪಕ್ಕದ್ದರಲ್ಲಿ ಕೊಂಕಣಿ, ಎದುರಿನದ್ದರಲ್ಲಿ ಗುಜರಾತಿ, ಮೂಟೆ ಹೊರುವಲ್ಲಿ ತುಳು. 1974ರಲ್ಲಿ ಪಣಂಬೂರಿನ ಹೊಸ ಬಂದರು ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು, ದೊಡ್ಡ ಹಡಗುಗಳು ಅತ್ತ ಹೋದವು. ವ್ಯಾಪಾರ ಮಾತ್ರ ಇಲ್ಲಿಂದ ಪೂರ್ತಿ ಹೋಗಲಿಲ್ಲ.

ಇಂಥ ಕಡೆ ಜನರ ಕಷ್ಟಸುಖ ಮೊದಲು ಬರುವುದು ಜಮಾಅತ್ ಕಮಿಟಿಯ ಮುಂದೆ. ಮದುವೆ, ತಲಾಖ್, ಆಸ್ತಿಯ ಜಗಳ, ಆಸ್ಪತ್ರೆ ಬಿಲ್ಲು, ಬಡ ಹುಡುಗಿಯ ಮದುವೆಗೆ ಸಹಾಯ, ಮಯ್ಯತ್ ಆದರೆ ಖಬರ್ ತೋಡುವುದರಿಂದ ಹಿಡಿದು ಎಲ್ಲ. ಇದು ನಮ್ಮ ದೊಡ್ಡ ಆಸ್ತಿ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಆಗುವುದು ಚರಂಡಿ, ಬೀದಿದೀಪ, ನೀರಿನ ಪೈಪು, ಕಸದ ಗಾಡಿಯನ್ನೂ ನಾವು ಅಲ್ಲಿಗೇ ತಂದಾಗ. ಕಮಿಟಿಯ ಅಧ್ಯಕ್ಷರ ಕೈಯಲ್ಲಿ ತುಂಬೆ ಡ್ಯಾಮಿನ ಕೀಲಿ ಇಲ್ಲ, ಮಾರಾಯ್ರೆ. ಜಮಾಅತ್‌ನ ಗಡಿ ಬೇರೆ, ವಾರ್ಡ್‌ನ ಗಡಿ ಬೇರೆ. ಒಂದೇ ಪಳ್ಳಿಗೆ ವಂತಿಗೆ ಕೊಡುವ ಅಕ್ಕಪಕ್ಕದ ಎರಡು ಮನೆಗೆ ಇಬ್ಬರು ಬೇರೆ ಬೇರೆ ಕಾರ್ಪೊರೇಟರ್ ಇರಬಹುದು.

ಸ್ಲ್ಯಾಬಿನ ಕತೆಯೂ ಹಾಗೇ ಆಯಿತು. ಕಮಿಟಿಯ ಮೂವರನ್ನು ಕೇಳಿದೆ. ಒಬ್ಬರು ಆ ಓಣಿ ನಮ್ಮ ವಾರ್ಡೇ ಅಲ್ಲ ಅಂದರು, ಇನ್ನೊಬ್ಬರು ನಮ್ಮದೇ ಅಂದರು, ಮೂರನೆಯವರು “ಯಾರಾದ್ರೂ ಹೇಳಿರ್ಬಹುದು ಬಿಡಿ ಉಸ್ತಾದ್” ಅಂದರು. ಹೇಳಿದವರು ಯಾರೂ ಇರಲಿಲ್ಲ. ಒಂದು ಅರ್ಜಿ ಬರೆಯದೆ, ಒಂದು ಫೋನ್ ಮಾಡದೆ, ಕೊನೆಗೆ ಶುಕ್ರವಾರ ಬಕೆಟ್ ಹಿಡಿದು ಹಣ ಎತ್ತಿ ನಾವೇ ಹಾಕಿಸಿದೆವು. ಪುಣ್ಯದ ಕೆಲಸವೇ, ಆದರೆ ಅದೇ ಓಣಿಯ ಮನೆಗಳೆಲ್ಲ ವರ್ಷ ವರ್ಷ ಪಾಲಿಕೆಗೆ ಆಸ್ತಿ ತೆರಿಗೆ ಕಟ್ಟುತ್ತವೆ. ಶೇ. 5 ರಿಯಾಯಿತಿ ಸಿಗುತ್ತದೆಂದು ಏಪ್ರಿಲ್ ತಿಂಗಳಲ್ಲಿ ಸಾಲಿನಲ್ಲಿ ನಿಂತು ಕಟ್ಟುವವರೂ ಇದ್ದಾರೆ. ಕೊಡುವಾಗ ಗೊತ್ತಿರುವ ದಾರಿ ಕೇಳುವಾಗ ಮರೆತುಹೋಗುವುದು ಹೇಗೆ?

ಕಾಗದದ ವಿಷಯದಲ್ಲೂ ಇದೇ ಅಭ್ಯಾಸ. ಮನೆಯಲ್ಲಿ ಮರಣವಾದರೆ ಖಬರಸ್ತಾನದ ಪುಸ್ತಕದಲ್ಲಿ ಹೆಸರು ಬರೆಸುತ್ತೇವೆ, ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇವೆ. ಜನನ-ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕೆಂಬುದು ಕಾನೂನು. ಆಸ್ಪತ್ರೆಯಲ್ಲಿ ಆದದ್ದಾದರೆ ಅವರೇ ಕಳಿಸುತ್ತಾರೆ, ಮನೆಯಲ್ಲಿ ಆದ ಮರಣವನ್ನು ಮನೆಯವರೇ ಹೋಗಿ ಹೇಳಬೇಕು. ವರ್ಷ ದಾಟಿದರೆ ಮೇಲಧಿಕಾರಿಯ ಆದೇಶಕ್ಕಾಗಿ ಅಲೆಯಬೇಕು. ಅಜ್ಜ ತೀರಿಹೋಗಿ ಹತ್ತು ವರ್ಷದ ಮೇಲೆ ಮನೆ ಪಾಲು ಮಾಡ್ಲಿಕ್ಕೆ ಕೂತಾಗ ಸರ್ಟಿಫಿಕೇಟ್ ಹುಡುಕುವ ಕುಟುಂಬಗಳು ನಮ್ಮಲ್ಲಿ ಕಡಿಮೆ ಇಲ್ಲ. ಅದರ ಮೇಲೆ ಹೆಸರಿನ ರಗಳೆ: ಒಂದರಲ್ಲಿ ಮೊಯ್ದೀನ್, ಇನ್ನೊಂದರಲ್ಲಿ ಮೊಹಿದ್ದೀನ್, ಪಾಸ್‌ಪೋರ್ಟಿನಲ್ಲಿ ಮುಹಿಯುದ್ದೀನ್. ಮೂವರೂ ಒಬ್ಬರೇ ಎಂದು ನಿರೂಪಿಸುವಷ್ಟರಲ್ಲಿ ಮಗನ ಗಲ್ಫ್ ರಜೆ ಮುಗಿದಿರುತ್ತದೆ.

ಈ ಮಾತು ಯಾಕೆ ಅಂದರೆ, 2025ರಲ್ಲಿ 44ಕ್ಕೂ ಕಾರ್ಪೊರೇಟರ್ ಇಲ್ಲದಾಯಿತು, 45ಕ್ಕೂ ಇಲ್ಲದಾಯಿತು. 2019ರ ನವೆಂಬರ್ 12ರಂದು ಮತದಾನ ನಡೆದು, ಬಿಜೆಪಿ 44, ಕಾಂಗ್ರೆಸ್ 14, ಎಸ್‌ಡಿಪಿಐ 2 ಸ್ಥಾನ ಗೆದ್ದ ಆ ಪರಿಷತ್ತಿನ ಅವಧಿ 2025ರ ಫೆಬ್ರವರಿ ಕೊನೆಗೆ ಮುಗಿಯಿತು. ಆಡಳಿತಾಧಿಕಾರಿಯ ಕೈಗೆ ಪಾಲಿಕೆ ಹೋಯಿತು. ಹೀಗಾಗುವುದು ಮೊದಲ ಸಲ ಅಲ್ಲ. ಅದರ ಹಿಂದಿನ ಪರಿಷತ್ತು 2019ರ ಮಾರ್ಚ್‌ನಲ್ಲಿ ಮುಗಿದಾಗ ಹೊಸ ಮೇಯರ್ ಬಂದದ್ದು 2020ರ ಫೆಬ್ರವರಿ 28ಕ್ಕೆ, ಹೆಚ್ಚುಕಡಿಮೆ ಒಂದು ವರ್ಷ. ಆಗ ಮನೆಬಾಗಿಲಿಗೆ ಹೋಗಿ ಕೂಗಿ ಕರೆಯಲಿಕ್ಕೆ ಒಬ್ಬರು ಇರುವುದಿಲ್ಲ. ಇಂಜಿನಿಯರ್, ಆರೋಗ್ಯ ನಿರೀಕ್ಷಕರು ಇದ್ದೇ ಇರುತ್ತಾರೆ, ಆದರೆ ಅವರ ಹತ್ತಿರ ಹೋಗುವವನಿಗೆ ತನ್ನ ವಾರ್ಡ್ ಯಾವುದೆಂದು ಗೊತ್ತಿರಬೇಕು, ದೂರು ಬರೆದು ಕೊಟ್ಟು ನಂಬರ್ ತೆಗೆದುಕೊಳ್ಳುವ ಅಭ್ಯಾಸ ಇರಬೇಕು.

ಕಾನೂನಿನಲ್ಲಿ ವಾರ್ಡ್ ಸಮಿತಿ ಎಂಬುದೊಂದು ಉಂಟು. ಕಾರ್ಪೊರೇಟರ್ ಅಧ್ಯಕ್ಷರು, ವಾರ್ಡ್‌ನ ನಿವಾಸಿಗಳೇ ಸದಸ್ಯರು. ಚರಂಡಿ, ಕಸ, ನೀರು, ದೀಪ ಇವೆಲ್ಲ ಅಲ್ಲಿ ಚರ್ಚೆಯಾಗಬೇಕಾದ ವಿಷಯ. ಈ ಸಮಿತಿಯಲ್ಲಿ ಹೆಂಗಸರಿಗೆ ಜಾಗ ಇಡಲೇಬೇಕು. ಪಾಲಿಕೆಯ ಸೀಟುಗಳಲ್ಲೂ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ನಮ್ಮ ಜಮಾಅತ್ ಸಭೆಗಳಲ್ಲಿ ಹೆಂಗಸರು ಕೂರುವುದಿಲ್ಲ. ಆದರೆ ನಳ್ಳಿಯಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ನಿಂತಿತು, ಕಸದವರು ಯಾವ ದಿನ ಬರಲಿಲ್ಲ, ಇದೆಲ್ಲ ಬಾಯಿಪಾಠ ಇರುವುದು ಅವರಿಗೆ, ನಮಗಲ್ಲ. ಗೌರವದಿಂದ ಕೂರಲು ಕಾನೂನೇ ಕುರ್ಚಿ ಇಟ್ಟಿರುವಾಗ ಅದನ್ನು ಖಾಲಿ ಬಿಡುವುದಕ್ಕೆ ನಮ್ಮ ಹತ್ತಿರ ಇರುವ ಕಾರಣ ಏನೆಂದು ನಾನು ಹುಡುಕಿದೆ. ದೀನಿನಲ್ಲಂತೂ ಸಿಗಲಿಲ್ಲ. ಮರ್ಯಾದೆಯ ಹೆಸರಿನಲ್ಲಿ ನಾವು ಮಾಡಿಕೊಂಡ ಸೋಮಾರಿತನ ಅದು, ಹೀಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು.

ಮುಂದೆ ಚುನಾವಣೆ ಯಾವಾಗಲೇ ಆಗಲಿ, ಅದಕ್ಕೆ ಬೇಕಾದದ್ದು ಮತದಾರರ ಪಟ್ಟಿ. ಪಾಲಿಕೆಗೆ ಬೇರೆ ಪಟ್ಟಿ ಮೊದಲಿಂದ ಬರೆಯುವುದಿಲ್ಲ. ವಿಧಾನಸಭೆಯ ಪಟ್ಟಿಯನ್ನೇ ವಾರ್ಡ್‌ವಾರು ವಿಂಗಡಿಸುತ್ತಾರೆ. ಅದರಲ್ಲಿ ಇಲ್ಲದವರು ಇದರಲ್ಲೂ ಇರುವುದಿಲ್ಲ. 18 ತುಂಬಿದವರಿಗೆ ನಮೂನೆ 6, ಮನೆ ಬದಲಿಸಿದವರಿಗೆ, ಹೆಸರು ತಪ್ಪಿರುವವರಿಗೆ ನಮೂನೆ 8. ಬಾಡಿಗೆ ಮನೆ ಹೆಚ್ಚಿರುವ ಬಂದರಿನಂಥ ಕಡೆ ಈ ಎಂಟನೆಯದ್ದೇ ಮುಖ್ಯ.

ಆ ದಿನ ಮಕ್ಕಳಿಗೆ ಒಂದು ಕೆಲಸ ಕೊಟ್ಟು ಕಳಿಸಿದ್ದೆ: ಮನೆಯಲ್ಲಿ ಕೇಳಿ ನಿಮ್ಮ ವಾರ್ಡ್ ನಂಬರ್ ಬರೆದು ತನ್ನಿ. ಮರುದಿನ 23 ಮಕ್ಕಳಲ್ಲಿ 9 ಮಂದಿ ತಂದರು. ಅದರಲ್ಲಿ ಒಬ್ಬನ ಚೀಟಿಯಲ್ಲಿ ಎರಡು ನಂಬರ್. ಉಮ್ಮನದ್ದು 44, ಉಪ್ಪನದ್ದು 43. ಯಾಕೆ ಎಂದು ಕೇಳಿದೆ. ಉಪ್ಪ ಕುದ್ರೋಳಿಯವರು, ಮದುವೆಯಾಗಿ ಉಮ್ಮನ ಮನೆಗೆ ಪುದಿಯಾಪ್ಳೆಯಾಗಿ ಬಂದವರು, ಹೆಸರು ಮಾತ್ರ ಇನ್ನೂ ಅಲ್ಲೇ ಇದೆಯಂತೆ. ಚೀಟಿ ಬರೆಯುವಾಗ ಅಜ್ಜಿ ಪಕ್ಕದಲ್ಲೇ ಕೂತಿದ್ದರಂತೆ. “ಹದಿನಾಲ್ಕು ವರ್ಷ ಆಯ್ತು, ಪುದಿಯಾಪ್ಳೆ ಬಂದ್ರು, ಅವರ ಓಟು ಮಾತ್ರ ಈ ಮನೆಗೆ ಬರ್ಲಿಲ್ಲ” ಎಂದು ಉಸ್ತಾದರಿಗೆ ಹೇಳು ಅಂದರಂತೆ.