ಇಂಗ್ಲಿಷಿನೊಳಗಣ ಫ್ರೆಂಚು ಮತ್ತು ರಾಯಚೂರಿನ ಕಿವಿ

ಮಾನವಿಯ ಬಸ್ ಡಿಪೋ, ದೇವದುರ್ಗ ತಾಲ್ಲೂಕಿನ ಗೂಗಲ್ ಬ್ಯಾರೇಜು, ರಾಯಚೂರಿನ ಜಿಲ್ಲಾ ಕೋರ್ಟು: ಇಂಗ್ಲಿಷೆಂದೇ ನಾವು ಬಗೆದಿರುವ ಈ ಡಿಪೋ, ಬ್ಯಾರೇಜು, ಕೋರ್ಟುಗಳು ಮೂಲತಃ ಫ್ರೆಂಚ್ ಪದಗಳು.

1066ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಜಯಿಸಿದ ತರುವಾಯ ಅರಮನೆ, ನ್ಯಾಯಸ್ಥಾನಗಳಲ್ಲಿ ಫ್ರೆಂಚೇ ಪ್ರಧಾನವಾಗಿ ನಿಂತಿತು. ವಾದಗಳು ಜನರ ನುಡಿಯಲ್ಲಿಯೇ ನಡೆಯತಕ್ಕದ್ದೆಂದು 1362ರಲ್ಲಿ ಶಾಸನವಾದ ಮೇಲೆಯೂ ಜಡ್ಜು, ಜೂರಿ, ಪಾರ್ಲಿಮೆಂಟುಗಳು ಉಳಿದುವು. ಇದನ್ನು ಗ್ರಹಿಸುವುದಕ್ಕೆ ರಾಯಚೂರು ಸೀಮೆಯವರಷ್ಟು ಅರ್ಹರು ವಿರಳವೆಂದು ನಾನು ನಂಬುತ್ತೇನೆ. ನಿಜಾಮರ ಆಳ್ವಿಕೆಯಲ್ಲಿ ಮೊದಲು ಪಾರಸಿಯೂ ಅನಂತರ ಉರ್ದುವೂ ಕಚೇರಿಯ ಭಾಷೆಗಳಾಗಿದ್ದು, 1948ರಲ್ಲಿ ಆ ರಾಜ್ಯವು ಭಾರತದೊಡನೆ ಸೇರಿ, 1956ರಲ್ಲಿ ಈ ಜಿಲ್ಲೆಯು ಕನ್ನಡನಾಡಿನೊಡನೆ ಒಂದಾದರೂ, ತಹಶೀಲ್ದಾರ, ವಕೀಲ, ದಾವೆ, ಜಮೀನುಗಳು ನಮ್ಮ ಮಾತಿನಲ್ಲಿ ಹಾಗೆಯೇ ನೆಲೆಗೊಂಡಿವೆ. ಆದರೆ ಹೊಲಕ್ಕಿಳಿದರೆ ನೇಗಿಲು, ಕೂರಿಗೆ, ಬಿತ್ತನೆಗಳೆಲ್ಲ ಅಚ್ಚಗನ್ನಡವೇ. ಇಂಗ್ಲಿಷಿನಲ್ಲಿಯೂ ನೇಗಿಲಿನ ಹೆಸರು ನೆಲದ ಮಾತು, ನ್ಯಾಯಾಧೀಶನ ಹೆಸರು ದೊರೆಗಳ ಮಾತು.

ಪದವು ಬಂದ ಕಾಲವನ್ನು ಉಚ್ಚಾರಣೆಯೇ ಸೂಚಿಸುವುದುಂಟು. ಬಹುಹಿಂದೆ ಬಂದ ವಿಲೇಜು, ಮ್ಯಾರೇಜುಗಳ ಕೊನೆಯನ್ನು ಆಂಗ್ಲರು 'ಇಜ್' ಎಂದು ಮೊಟಕುಗೊಳಿಸಿಕೊಂಡರು. ಈಚೆಗೆ ಬಂದ ಬ್ಯಾರೇಜು, ಗ್ಯಾರೇಜುಗಳಲ್ಲಿಯಾದರೋ 'ಆಝ್' ಎಂಬ ಫ್ರೆಂಚ್ ದನಿಯನ್ನು ಅನೇಕರು ಇಂದಿಗೂ ಉಳಿಸಿಕೊಂಡಿದ್ದಾರೆ. ಡಿಪೋ, ಬಫೆಗಳ ಅಂತ್ಯದಲ್ಲಿ ಬರೆದೂ ನುಡಿಯದ 'ಟಿ' ಅಕ್ಷರವೊಂದುಂಟು; ಮಕ್ಕಳನ್ನು ದಿಗ್ಭ್ರಮೆಗೊಳಿಸುವ ಆ ಮೂಕಾಕ್ಷರವನ್ನು ಧ್ವನಿನಿಷ್ಠವಾದ ನಮ್ಮ ಲಿಪಿಯು ತಾನಾಗಿಯೇ ಕೈಬಿಟ್ಟು, ಮೂಲದ ಉಚ್ಚಾರಣೆಗೆ ಇಂಗ್ಲಿಷ್ ಬರೆಹಕ್ಕಿಂತ ಸಮೀಪವಾಗಿ ನಿಂತಿದೆ.

ಇನ್ನು ಇಡಿಯಾಗಿಯೇ ಬಂದ ನುಡಿಗಟ್ಟುಗಳು. ಆಮಂತ್ರಣಪತ್ರಿಕೆಯ 'ಆರ್.ಎಸ್.ವಿ.ಪಿ.' ಎಂಬುದು 'ದಯಮಾಡಿ ಉತ್ತರಿಸಿರಿ' ಎಂಬ ಫ್ರೆಂಚ್ ವಾಕ್ಯದ ಆದ್ಯಕ್ಷರಗಳು. 'ವಿಸಾವಿ' ಎಂದರೆ ಮುಖಾಮುಖಿ. ಸರ್ಕಾರವನ್ನು ಬಲದಿಂದ ಉರುಳಿಸಿದಾಗ ಪತ್ರಿಕೆಗಳು ಬರೆಯುವ 'ಕೂ ದೇತಾ' ಎಂದರೆ ರಾಜ್ಯದ ಮೇಲಣ ಹೊಡೆತ. ಅರ್ಥಶಾಸ್ತ್ರದ 'ಲೆಸೆ ಫೇರ್' ಎಂದರೆ ಮಾಡಗೊಡಿರಿ, ಅಡ್ಡಬರಬೇಡಿರಿ ಎಂದು.

ದೇವದುರ್ಗ, ಮಾನವಿಗಳ ಶಾಲೆಗಳಲ್ಲಿ ಇಂಗ್ಲಿಷನ್ನು ಬೋಧಿಸುವ ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ: ಇಂತಹ ಪದ ಎದುರಾದಾಗ ಕಾಗುಣಿತವನ್ನು ಬಾಯಿಪಾಠ ಮಾಡಿಸುವುದಕ್ಕೆ ಮುನ್ನ ಅದರ ಚರಿತ್ರೆಯನ್ನು ಎರಡು ಮಾತಿನಲ್ಲಿ ತಿಳಿಸಿ, ಗಟ್ಟಿಯಾಗಿ ಓದಿ ಕೇಳಿಸಿರಿ, ತಹಶೀಲ್ದಾರರ ಕಚೇರಿಯನ್ನು ಕಂಡಿರುವ ಮಗುವಿಗೆ ಮಿಕ್ಕುದನ್ನು ವಿವರಿಸಬೇಕಾಗಿಲ್ಲ.