ಕಚೇರಿಯ ಒತ್ತಡ, ಮನೆಯ ಹೊಣೆ

ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗದಲ್ಲಿ ಫಲಿತಾಂಶದ ದಿನಾಂಕ ಗೊತ್ತುಪಡಿಸುವವರು ಒಬ್ಬರು, ನಿಯಮ ರೂಪಿಸುವವರು ಇನ್ನೊಬ್ಬರು. ಕಿಟಕಿಯ ಮುಂದೆ ಅಂಕಪಟ್ಟಿಗಾಗಿ ನಿಂತವರಿಗೆ ಉತ್ತರ ಹೇಳಬೇಕಾದವರು ಗುಮಾಸ್ತರು. ತಡವಾದರೆ ಅವರ ಮನೆಯ ವೇಳಾಪಟ್ಟಿಯೇ ಬದಲಾಗುತ್ತದೆ. ನಮ್ಮ ಅಂಗಡಿ, ಕಾರ್ಖಾನೆಗಳ ಲೆಕ್ಕಪತ್ರ ವಿಭಾಗದ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲವಾದ್ದರಿಂದ ಈ ವಿಷಯ ಸದಸ್ಯ ಉದ್ಯಮಿಗಳ ಗಮನಕ್ಕೆ ಅರ್ಹವಾಗಿದೆ.

ಒತ್ತಡಕ್ಕೆ ಕೆಲಸದ ಹೊರೆಯೊಂದೇ ಕಾರಣವಲ್ಲವೆಂದು 1979ರಲ್ಲಿ ಅಮೆರಿಕದ ವಿದ್ವಾಂಸ ರಾಬರ್ಟ್ ಕರಾಸೆಕ್ ಪ್ರತಿಪಾದಿಸಿದರು. ಹೊರೆ ಹೆಚ್ಚಿದ್ದು, ಕೆಲಸವನ್ನು ಹೇಗೆ ಮಾಡಬೇಕೆಂಬ ನಿರ್ಧಾರ ತನ್ನ ಕೈಯಲ್ಲಿಲ್ಲದವನೇ ಹೆಚ್ಚು ಬಳಲುತ್ತಾನೆಂಬುದು ಅವರ ವಾದ. ಉದ್ಯೋಗ ಮತ್ತು ಕುಟುಂಬದ ನಡುವಣ ಘರ್ಷಣೆಗೆ 1985ರಲ್ಲಿ ಗ್ರೀನ್‌ಹೌಸ್ ಹಾಗೂ ಬ್ಯೂಟೆಲ್ ಮೂರು ಮೂಲಗಳನ್ನು ಗುರುತಿಸಿದರು: ಸಮಯ, ಬಳಲಿಕೆ, ಕಚೇರಿಯಲ್ಲಿ ರೂಢಿಯಾಗಿ ಮನೆಗೆ ಒಗ್ಗದ ನಡವಳಿಕೆ.

ನಮ್ಮ ಲೆಕ್ಕಪತ್ರ ಗುಮಾಸ್ತರ ತಿಂಗಳನ್ನು ನೋಡೋಣ. ಸಾಮಾನ್ಯವಾಗಿ 7ರೊಳಗೆ ಟಿಡಿಎಸ್ ಪಾವತಿ, ಪ್ರತಿ ತಿಂಗಳು ವಿವರ ಸಲ್ಲಿಸುವವರಿಗೆ 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಭವಿಷ್ಯನಿಧಿ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಈ ಗಡುವುಗಳು ಸರ್ಕಾರದವು, ನಿಜ. ಆದರೆ ಮಾರಾಟದ ಬಿಲ್ಲುಗಳ ಕಂತೆ 10ರ ಸಂಜೆ ಅವರ ಮೇಜಿಗೆ ಬರುವುದು ಸರ್ಕಾರದಿಂದಲ್ಲ, ನಮ್ಮಿಂದ. ಆ ರಾತ್ರಿ ಮಗುವನ್ನು ಕರೆತರುವವರು ಯಾರು, ಹಿರಿಯರಿಗೆ ಔಷಧ ಕೊಡುವವರು ಯಾರು ಎಂಬ ಚಿಂತೆಯಲ್ಲಿ ಬರೆದ ಲೆಕ್ಕದಲ್ಲಿ ತಪ್ಪು ನುಸುಳಿದರೆ ಆಶ್ಚರ್ಯವಿಲ್ಲ. ಬೇಸತ್ತು ಅವರು ಕೆಲಸ ಬಿಟ್ಟರಂತೂ ಪಾರ್ಟಿಗಳ ಬಾಕಿ, ಹಳೆಯ ತಗಾದೆಗಳ ಮಾಹಿತಿಯೆಲ್ಲ ಅವರೊಡನೆ ಹೊರಟುಹೋಗುತ್ತದೆ. ಜಿಎಸ್‌ಟಿ ಪಾವತಿ ತಡವಾದರೆ ವಾರ್ಷಿಕ ಶೇ. 18 ಬಡ್ಡಿ ಮಾಲೀಕರ ಪಾಲಿಗೆ.

ಕಾನೂನು ಇಲ್ಲಿ ಸ್ವಲ್ಪಮಟ್ಟಿಗೆ ಮಾತ್ರ ನೆರವಾಗುತ್ತದೆ. 2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ನಮ್ಮ ಸಣ್ಣ ಘಟಕಗಳಲ್ಲಿ ಹಲವಕ್ಕೆ ಈ ಎರಡನೆಯ ನಿಯಮ ತಾಗುವುದೇ ಇಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಬಿಲ್ಲುಗಳನ್ನು ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನದೊಳಗೆ ಲೆಕ್ಕಪತ್ರ ವಿಭಾಗಕ್ಕೆ ಒಪ್ಪಿಸಬಹುದು. ವಿವರ ಸಲ್ಲಿಸುವ ಕ್ರಮವನ್ನು ಇನ್ನೊಬ್ಬರಿಗೂ ಕಲಿಸಿಡಬಹುದು. ಹೆಚ್ಚುವರಿ ಹೊತ್ತು ಅನಿವಾರ್ಯವಾದಾಗ, ಬೆಳಿಗ್ಗೆ ಬೇಗ ಬರಬೇಕೋ ಸಂಜೆ ಉಳಿಯಬೇಕೋ ಎಂಬ ಆಯ್ಕೆಯನ್ನು ಗುಮಾಸ್ತರಿಗೇ ಬಿಡಬಹುದು. ಇದಕ್ಕೆ ಹೊಸ ಯಂತ್ರ ಬೇಡ, ಸಾಲವೂ ಬೇಡ. ಮೊದಲ ಶನಿವಾರ ಮಾಲೀಕರು ತಮ್ಮ ಜೇಬಿನಲ್ಲಿರುವ ಬಿಲ್ಲುಗಳನ್ನು ಹೊರತೆಗೆದರೆ ಸಾಕು.